ನಾಲ್ಕನೇ ಅಧ್ಯಾಯದಲ್ಲಿ ಬಾಯಾರಿದ ಎತ್ತುಗಳು

ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಐದೂವರೆಗೆ ಸ್ನಾನ, ಆರಕ್ಕೆ ಚಹಾ. ಆರೂಕಾಲಿಗೆ ಅಡಿಗೆಮನೆಯ ಸಣ್ಣ ತಕ್ಕಡಿಯ ಮುಳ್ಳು ಸೊನ್ನೆಯ ಮೇಲೆ ನಿಂತಿದೆಯೇ ಎಂದು ನೋಡುತ್ತೇನೆ. ಅದರಲ್ಲಿ ತೂಗುವಂಥದ್ದು ನಮ್ಮ ಮನೆಯಲ್ಲಿ ಏನೂ ಇಲ್ಲ. ಮೂವತ್ತನಾಲ್ಕು ವರ್ಷ ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕಬ್ಬಿನ ಗಾಡಿ ತೂಗಿದವನಿಗೆ ಸೊನ್ನೆ ನೋಡದೆ ದಿನ ಶುರುವಾಗುವುದಿಲ್ಲ, ಅಷ್ಟೇ.

ನಾನು ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಕಳೆದ ತಿಂಗಳು ಕಾಟಾ ಆಫೀಸಿಗೆ ಹೊಸದಾಗಿ ಸೇರಿದ ಇಬ್ಬರು ಮನೆಗೆ ಬಂದಿದ್ದರು. "ಕಾಕಾ, ಈ ಕೆಲಸದಾಗ ಕಲಿಯೂದರ ಏನೈತ್ರಿ? ಗಾಡಿ ಬರತೈತಿ, ಕಂಪ್ಯೂಟರ ತೂಕ ತೋರಸತೈತಿ, ಸ್ಲಿಪ್ಪ ಹೊರಗ ಬೀಳತೈತಿ, ಮುಗೀತು" ಅಂದರು. ಚಹಾ ಕೊಟ್ಟು ಕಳಿಸಿದೆ. ಆ ಪ್ರಶ್ನೆಗೆ ಒಂದು ಕಪ್ ಚಹಾದಲ್ಲಿ ಉತ್ತರ ಮುಗಿಯುವುದಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ. ಕಾರ್ಖಾನೆಯ ಹೆಸರು ಬರೆಯುವುದಿಲ್ಲ. ಅಲ್ಲಿ ದುಡಿದವರಿಗೆ ಅದು ಗೊತ್ತು, ಉಳಿದವರಿಗೆ ಬೇಕಾಗಿಲ್ಲ. ರಾಯಬಾಗದಿಂದಲೂ ಕಾಗವಾಡದಿಂದಲೂ ಕಬ್ಬು ಬರುತ್ತಿತ್ತು ಎಂದರೆ ಸಾಕು.

ನಾನು ಕಬ್ಬೂರಿನವನು. ಸೇರಿದ ಮೊದಲ ದಿನವೇ ನಮ್ಮ ಯಾರ್ಡ್ ಸುಪರಿಂಟೆಂಡೆಂಟ್ ಪಾಟೀಲ ಸಾಹೇಬರು ನನ್ನ ಹೆಸರು ಕೇಳದೆ ಊರು ಕೇಳಿದರು. ಮುಂದೆ ಅದೇ ನನ್ನ ಹೆಸರಾಯಿತು. "ಲೇ ಕಬ್ಬೂರ, ಕಾಟಾಕ್ಕ ಪಾವಣ್ಯಾರ, ಬೀಗರ ಇರೂದಿಲ್ಲ, ತಿಳೀತಿಲ್ಲ? ನಿಮ್ಮಪ್ಪ ಬಂದರೂ ಗಾಡಿ ಬಂದಂಗ ನೋಡ." ಕೆಲಸ ಇಷ್ಟು: ಗಾಡಿ ಕಬ್ಬು ತುಂಬಿಕೊಂಡು ಬಂದಾಗ ಎತ್ತುಗಳ ಸಮೇತ ಒಮ್ಮೆ ತೂಗುವುದು, ಅದು ಭರ್ತಿ ತೂಕ. ಕಬ್ಬು ಇಳಿಸಿ ತಿರುಗಿ ಬಂದಾಗ ಮತ್ತೊಮ್ಮೆ, ಅದು ಖಾಲಿ ತೂಕ. ಒಂದರಲ್ಲಿ ಇನ್ನೊಂದು ಕಳೆದರೆ ಉಳಿದದ್ದು ಕಬ್ಬು.

ಸೇರಿದ ಎರಡನೇ ತಿಂಗಳು ನನ್ನ ಸೋದರಮಾವ ಗಾಡಿ ತಂದ. ಭರ್ತಿ ತೂಕ ಬರೆದೆ. ಮಾವ ಕಬ್ಬು ಇಳಿಸಿ ಗಾಡಿ ನಿಲ್ಲಿಸಿ ಚಹಾಕ್ಕೆ ಹೋದ. ಎತ್ತುಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಬಕೀಟು ತಂದು ಎರಡಕ್ಕೂ ಹೊಟ್ಟೆ ತುಂಬ ನೀರು ಕುಡಿಸಿದೆ. ಆಮೇಲೆ ಖಾಲಿ ತೂಕ ಮಾಡಿದರೆ ಖಾಲಿ ಗಾಡಿ ಅರವತ್ತು ಕಿಲೋ ದಪ್ಪಗಾಗಿತ್ತು. ಖಾಲಿ ಗಾಡಿ ಹೆಚ್ಚಾದಷ್ಟೂ ಕಬ್ಬು ಕಡಿಮೆ. ಮಾವ ಸ್ಲಿಪ್ ನೋಡಿ ಕಿಟಕಿಗೆ ಮುಖ ತೂರಿಸಿದ: "ಅಳಿಯಾ, ನನ್ನ ಕಬ್ಬ ನಿನ್ನ ಬಕೀಟಿನ್ಯಾಗ ಹೋತಲ್ಲೋ!"

ಪಾಟೀಲ ಸಾಹೇಬರು ಕಿಟಕಿಯ ಸರಳು ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ನನ್ನಿಂದ ವಹಿಯಲ್ಲಿ ಹತ್ತು ಸಲ ಬರೆಸಿದರು: ಎತ್ತಿಗೆ ನೀರು ಭರ್ತಿ ತೂಕಕ್ಕೆ ಮೊದಲು, ಇಲ್ಲವೇ ಖಾಲಿ ತೂಕ ಆದ ಮೇಲೆ. ನಡುವೆ ಇಲ್ಲ. ಅಂದಿನಿಂದ ಯಾವ ಗಾಡಿ ಕಾಟಾ ಏರಿದರೂ ನನ್ನ ಬಾಯಿಂದ ಬರುತ್ತಿದ್ದ ಮೊದಲ ಮಾತು "ನೀರ ಕುಡಿಸೀಯೇನ?" ಎಂಬುದು. ಗಾಡಿಯವರು ಹಿಂದಿನಿಂದ ನನ್ನನ್ನು 'ನೀರ ಸಾಹೇಬ' ಅನ್ನುತ್ತಿದ್ದರು. ನನಗೆ ಗೊತ್ತಿತ್ತು.

ನಾನಿದ್ದಾಗಲೇ ಕಾಟಾ ಮೂರು ಸಲ ಬದಲಾಯಿತು. ಮೊದಲು ಕಬ್ಬಿಣದ ದಂಡದ ಮೇಲೆ ಗುಂಡು ಸರಿಸುವ ಕಾಟಾ. ಅದಕ್ಕೆ ಕೈಯಲ್ಲಿ ನಾಜೂಕು ಬೇಕಿತ್ತು. ಆಮೇಲೆ ದೊಡ್ಡ ಮುಳ್ಳಿನ ಡಯಲ್, ಆಮೇಲೆ ಕೆಂಪು ಅಂಕಿಗಳು, ಈಗ ಕಾರ್ಡು ತೋರಿಸಿದರೆ ತಾನೇ ಎಲ್ಲ ಬರೆದುಕೊಳ್ಳುವ ಕಂಪ್ಯೂಟರು. ಕಂಪ್ಯೂಟರನ್ನು ನಾನು ಬೈಯುವುದಿಲ್ಲ. ಅದು ಪಾವಣ್ಯಾರನ್ನು ಗುರುತಿಸುವುದಿಲ್ಲ, ಪಾಟೀಲ ಸಾಹೇಬರಿಗೆ ಬಹಳ ಸೇರುತ್ತಿತ್ತು. ಆದರೆ ಎತ್ತು ನೀರು ಕುಡಿದಿದೆಯೇ ಎಂದು ಅದು ಕೇಳುವುದಿಲ್ಲ. ನೀವು ಕೇಳಬೇಕು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಅದು ಕಾಟಾದ ಮೇಲೆ ಆದದ್ದಲ್ಲ, ಕಾಟಾದ ಡ್ರಾವರಿನಲ್ಲಿ ಆದದ್ದು.

ನಾನು ಕಾದಂಬರಿ ಬರೆಯುತ್ತಿದ್ದೆ. ನಗಬೇಡಿ. ಒಂದರಿಂದ ಒಂದೂವರೆ ಊಟದ ಬಿಡುವು. ಹದಿನೈದು ನಿಮಿಷ ರೊಟ್ಟಿ, ಹದಿನೈದು ನಿಮಿಷ ಕಾದಂಬರಿ. ರದ್ದಾದ ದಿನವಹಿ ತಖ್ತೆಗಳ ಹಿಂಬದಿಯಲ್ಲಿ ದಿನಕ್ಕೊಂದು ಪುಟ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೂರು ಹಂಗಾಮಿಗೆ ನಾಲ್ಕುನೂರಾ ಹನ್ನೆರಡು ಪುಟವಾಯಿತು. ಕಥೆ ಪರಸಪ್ಪ ಎಂಬ ಗಾಡಿಕಾರನದು, ಅವನು ಮೆಚ್ಚಿದ ಗಿರಿಜೆಯದು. ನನ್ನ ಹೆಂಡತಿ ಕಸ್ತೂರಿ ಮೊದಲ ಪುಟ ಓದಿ, "ಇದರಾಗ ಸೂರ್ಯಾ ಹುಟ್ಟಾಕ ಇಷ್ಟ ಹೊತ್ತ್ಯಾಕ ಮಾಡತಾನ್ರಿ? ನಮ್ಮನ್ಯಾಗ ಲಗೂನ ಹುಟ್ಟತಾನ" ಎಂದಿದ್ದಳು. ನಾನು ಒಂದು ವಾರ ಅವಳ ಜೊತೆ ಸಾಹಿತ್ಯದ ಮಾತು ಆಡಲಿಲ್ಲ.

ತಿಳಿದವರ ಅಭಿಪ್ರಾಯ ಬೇಕೆಂದು ಚಿಕ್ಕೋಡಿಯ ಒಬ್ಬ ಹಿರಿಯರಿಗೆ ಕಟ್ಟು ಒಯ್ದು ಕೊಟ್ಟೆ. ತಿಂಗಳ ನಂತರ ಹೋದಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಒಂದೇ ಉಸಿರಿಗೆ ಪೂರ್ತಿ ಓದಿದೆ. ಒಂದು ಅಕ್ಷರ ತಿದ್ದುವ ಹಾಗಿಲ್ಲ!" ನಾನು ಬಸ್ಸಿನಲ್ಲಿ ನಿಂತುಕೊಂಡೇ ಹಾರುತ್ತ ಮನೆಗೆ ಬಂದೆ. ಮನೆಯಲ್ಲಿ ಕಟ್ಟು ಬಿಚ್ಚಿದೆ. ನೂರಾಹತ್ತನೇ ಪುಟದ ಮೇಲೆ ಹಿಂದೆ ಒಮ್ಮೆ ಕಾಕಂಬಿಯ ಹನಿ ಬಿದ್ದು, ಅದು ನೂರಾ ಹನ್ನೊಂದಕ್ಕೆ ಬಿಗಿಯಾಗಿ ಅಂಟಿಕೊಂಡಿತ್ತು. ಕಬ್ಬಿನ ಕಾಕಂಬಿ ಒಣಗಿದರೆ ಸರೇಸು ಇದ್ದ ಹಾಗೆ. ಈಗಲೂ ಅಂಟಿಕೊಂಡೇ ಇತ್ತು. ಯಾರ ಬೆರಳೂ ಅದನ್ನು ಬಿಡಿಸಿರಲಿಲ್ಲ.

ಅವರ ಮೆಚ್ಚುಗೆ, ಗಾಡಿ ಕಾಟಾ ಏರದೇ ಬರೆದುಕೊಟ್ಟ ಸ್ಲಿಪ್ಪು. ಅಂಥ ಸ್ಲಿಪ್ಪಿಗೆ ನಾನೇ ಒಬ್ಬನ ಮೇಲೆ ರಿಪೋರ್ಟು ಬರೆದಿದ್ದೆ. ಮೂರು ಹಂಗಾಮಿನ ಬರಹ ಓದಿಸಿಕೊಳ್ಳುವ ಯೋಗ್ಯತೆಯದ್ದೂ ಅಲ್ಲ ಎಂದಾದರೆ ಅದನ್ನು ಇಟ್ಟುಕೊಂಡು ಏನು ಮಾಡುವುದು? ಈ ಹಂಗಾಮಿನ ಕಡೇ ದಿನ ಅದನ್ನು ಬಾಯ್ಲರಿಗೆ ಹಾಕಬೇಕೆಂದು ನಿರ್ಧರಿಸಿದೆ. ನಾನು ನಿರ್ಧರಿಸಿದರೆ ವಹಿಯಲ್ಲಿ ಬರೆಯುತ್ತೇನೆ. ಬರೆದೆ. ಬಾಯ್ಲರಿನವನಿಗೂ ಹೇಳಿಟ್ಟೆ. ಅವನು ಕಟ್ಟು ಕೈಯಲ್ಲಿ ಹಿಡಿದು ನೋಡಿ, "ಛಲೋ ಉರೀತೈತ್ರಿ, ಭಾಳ ಒಣಾ ಐತಿ" ಎಂದ. ನನ್ನ ಕಾದಂಬರಿಯ ಬಗ್ಗೆ ಅಲ್ಲಿಯವರೆಗೆ ಬಂದ ಎರಡನೇ ಪ್ರಾಮಾಣಿಕ ಅಭಿಪ್ರಾಯ ಅದು.

ಹಂಗಾಮು ಮುಗಿಯಲು ಆರು ದಿನ ಉಳಿದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಗಾಣದ ಶಾಫ್ಟು ಮುರಿಯಿತು. ಕಾರ್ಖಾನೆ ನಿಂತಿತು. ಯಾರ್ಡು ತುಂಬಿತ್ತು, ಆದ್ದರಿಂದ ಕಾಟಾ ಬಂದ್. ಗಾಡಿಗಳ ಸಾಲು ಗೇಟು ದಾಟಿ ಅಥಣಿ ರಸ್ತೆಯವರೆಗೆ ಬೆಳೆಯಿತು. ನನ್ನ ಡ್ಯೂಟಿ ಮಾತ್ರ ಬಂದ್ ಆಗುವುದಿಲ್ಲ, ಕುರ್ಚಿ ಬಿಡುವ ಹಾಗಿಲ್ಲ. ಬಾಯ್ಲರಿಗೆ ಹೋಗುವ ಕಟ್ಟನ್ನು ಹೊರತೆಗೆದು ದಾರ ಬಿಗಿಯುತ್ತ ಕೂತಿದ್ದೆ.

ಕಿಟಕಿಗೆ ಹೌಸಾಬಾಯಿ ಬಂದಳು. ಮರಾಠಿ ಸೀಮೆಯ ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಬರುವ ತಂಡದವಳು. ಗಂಡ ಕಡಿದರೆ ಗಾಡಿ ಹೊಡೆಯುವುದು ಅವಳೇ. ಹನ್ನೆರಡು ಹಂಗಾಮು ನಮ್ಮ ಕಡೆ ಬಂದು ಕನ್ನಡವನ್ನು ತನಗೆ ಬೇಕಾದ ಹಾಗೆ ಕಟ್ಟಿಕೊಂಡಿದ್ದಳು.

"ಸಾಹೇಬ, ಗಾಣ ಯಾವಾಗ ಸುರೂ ಹೋಣಾರ?"

"ಮೂರು ದಿನ ಆಗ್ತೈತಿ ಬಾಯಿ."

"ಮೂರ ದಿನ!" ಅವಳು ಕಿಟಕಿಯ ಕಟ್ಟೆಗೆ ಮೊಣಕೈ ಊರಿದಳು. "ಹೇ ಕಾಯ, ಯವಡಾ ಕಾಗದ?"

"ಕಥಿ."

"ಕುಣಾಚಿ?"

"ಒಬ್ಬ ಗಾಡಿಕಾರಂದು."

"ಮಗ ವಾಚಾ ಕೀ! ನಮ್ದೇ ಕಥಿ ಡ್ರಾವರದಾಗ ಇಟ್ಟ ಕುಂತಾರ ಹೇ!"

'ಮಗ' ಎಂದರೆ ಅವಳ ಮಾತಿನಲ್ಲಿ 'ಮತ್ತೆ'. ಓದಿ ಎಂದು ನನಗೆ ಬದುಕಿನಲ್ಲಿ ಮೊದಲ ಸಲ ಯಾರೋ ಹೇಳಿದ್ದರು. ಕುರ್ಚಿಯನ್ನು ಹೊರಗೆ ಬೇವಿನ ಮರದ ನೆರಳಿಗೆ ಎಳೆದೆ. ಕಾಟಾ ಅಲ್ಲಿಂದ ಕಾಣುತ್ತಿತ್ತು, ನಿಯಮ ಮುರಿದಂತಾಗಲಿಲ್ಲ. ಐದು ನಿಮಿಷದಲ್ಲಿ ಮೂವತ್ತು ಮಂದಿ ಕೂತರು. ಹೆಚ್ಚಿನವರಿಗೆ ಕನ್ನಡ ಬರುವುದಿಲ್ಲ. ಹೀಗಾಗಿ ಕನ್ನಡದಲ್ಲಿ ಬರೆದದ್ದನ್ನು ನೋಡುತ್ತ ಮರಾಠಿಯಲ್ಲಿ ಹೇಳತೊಡಗಿದೆ.

ಅಲ್ಲಿ ಒಂದು ವಿಚಿತ್ರ ನಡೆಯಿತು. ಮೊದಲ ಪುಟದಲ್ಲಿ ಸೂರ್ಯೋದಯ ಇತ್ತು. ಹೊನ್ನಿನ ಕಿರಣ, ಕುಂಕುಮದ ಬಾನು, ಬಂಗಾರದ ರಥ, ಹನ್ನೊಂದು ಸಾಲು. ಇದಕ್ಕೆಲ್ಲ ನನ್ನ ಸಂತೆಯ ಮರಾಠಿಯಲ್ಲಿ ಮಾತುಗಳಿಲ್ಲ. "ದಿವಸ ಉಗವಲಾ" ಅಂದರೆ ಹೊತ್ತು ಮೂಡಿತು ಎಂದಷ್ಟೇ ಹೇಳಿ ಮುಂದೆ ಹೋದೆ. ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಗಿರಿಜೆಯ ಜಡೆಯ ಎರಡು ಪುಟ "ಜಡೆ ಉದ್ದ ಇತ್ತು" ಎಂಬಲ್ಲಿಗೆ ಬಂತು. ಎಲ್ಲರೂ ತಲೆ ಅಲ್ಲಾಡಿಸಿದರು. ಕಬ್ಬಿನ ಸುತ್ತ ಒಣಗಿದ ಎಲೆ ಇರುತ್ತದಲ್ಲ, ರವದಿ, ಅದು ಹೆಚ್ಚಾದರೆ ನಾವು ಗಾಡಿಯನ್ನೇ ಹಿಂದೆ ಕಳಿಸುತ್ತಿದ್ದೆವು. ನನ್ನ ಗಾಡಿ ತುಂಬ ರವದಿಯೇ ಇತ್ತು ಎಂಬುದು ಮರಾಠಿ ಬಾರದ ಕಾರಣದಿಂದ ನನಗೆ ತಿಳಿಯಿತು.

ಹನ್ನೆರಡರ ಹೊತ್ತಿಗೆ ನಾಲ್ಕನೇ ಅಧ್ಯಾಯ. ಏಪ್ರಿಲ್ ತಿಂಗಳ ಬಿಸಿಲು. ಪರಸಪ್ಪ ಗಿರಿಜೆಯ ಊರಿಗೆ ಬರುತ್ತಾನೆ, ಎತ್ತುಗಳನ್ನು ಬಾವಿಯ ದಂಡೆಯ ಗೂಟಕ್ಕೆ ಕಟ್ಟುತ್ತಾನೆ, ಮನೆಯೊಳಗೆ ಹೋಗಿ ಹೆಣ್ಣು ಕೇಳುತ್ತಾನೆ. ಗಿರಿಜೆಯ ಅಣ್ಣ ಅವನಿಗೆ ಹೊಡೆಯುತ್ತಾನೆ. ಐದನೇ ಅಧ್ಯಾಯದಲ್ಲಿ ಹೌಸಾಬಾಯಿ ಎತ್ತುಗಳ ನೆನಪಾಗಿ ಮೆಲ್ಲಗೆ "ಬೈಲ?" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಆರನೆಯದರಲ್ಲಿ ಇನ್ನೂ ಮೂವರು ಚಡಪಡಿಸಿದರು. ಏಳರಲ್ಲಿ ಪರಸಪ್ಪ ಅಥಣಿಯ ಲಾಕಪ್ಪಿನಲ್ಲಿ, ಗಿರಿಜೆ ಕೋಣೆಯಲ್ಲಿ ಕೂಡಿಹಾಕಲ್ಪಟ್ಟು ಅಳುತ್ತಿದ್ದಾಳೆ. ಬರೆಯುವಾಗ ನಾನೇ ಅತ್ತ ಜಾಗ ಅದು. ತಲೆ ಎತ್ತಿ ಕೇಳುಗರ ಕಣ್ಣು ನೋಡಿದೆ. ಒಂದು ಕಣ್ಣೂ ಒದ್ದೆಯಾಗಿರಲಿಲ್ಲ. ಎಲ್ಲರೂ ಸಿಟ್ಟಿನಿಂದ ಕೂತಿದ್ದರು.

ಹೌಸಾಬಾಯಿ ಎದ್ದು ನಿಂತಳು. ಸೊಂಟದ ಮೇಲೆ ಕೈ.

"ನೀರ ಸಾಹೇಬ, ತೇ ಸಗಳ ಇರಲಿ. ಬೈಲಗಳಿಗೆ ನೀರ ಕುಡಿಸೀಯೇನ?"

ಅಷ್ಟು ವರ್ಷ ನಾನು ಅವರಿಗೆ ಕೇಳುತ್ತ ಬಂದ ಪ್ರಶ್ನೆ, ನನ್ನದೇ ದನಿಯಲ್ಲಿ. ಮಂದಿ ಹೋ ಎಂದು ನಕ್ಕರು.

"ಬಾಯಿ, ಅದು ಕಥಿ," ಎಂದೆ.

"ಕಥಿ ಆದ್ರ ಬೈಲಗೆ ತಹಾನ, ನೀರಡಿಕಿ, ಲಾಗತ ನಾಹೀ? ಬಾವಿ ಮುಂದ ಕಟ್ಟಿದಿ, ನೀರ ಕಾಣತದ, ಬಾಯಿ ಮುಟ್ಟತ ನಾಹೀ. ಆಠ ದಿವಸ ಝಾಲೆ! ಮಾಲಕ ಜೇಲದಾಗ ಊಟಾ ಮಾಡತೋ ನಾ? ಮಗ ಅವನ ಸಲುವಾಗಿ ನಾ ಯಾಕ ಅಳಲಿ?"

ಒಬ್ಬ ಮುದುಕ ತಲೆಯ ಪಟಗಾ ಸರಿಮಾಡಿಕೊಂಡು ಎದ್ದು ತನ್ನ ಎತ್ತುಗಳ ಕಡೆ ಹೊರಟ. ಅವನ ಹಿಂದೆ ಇನ್ನೊಬ್ಬ. ಎರಡು ನಿಮಿಷದಲ್ಲಿ ಮೂವತ್ತು ಮಂದಿಯೂ ಬಕೀಟು ಹಿಡಿದು ತಮ್ಮ ತಮ್ಮ ಎತ್ತಿಗೆ ನೀರು ಕುಡಿಸಲು ಹೋದರು. ನಾನು, ಕುರ್ಚಿ ಮತ್ತು ಏಳನೇ ಅಧ್ಯಾಯ ಬೇವಿನ ಕೆಳಗೆ ಉಳಿದೆವು.

ನನಗೆ ಅವಮಾನವಾಗಬೇಕಿತ್ತು. ಆದರೆ ನಿಜ ಹೇಳುತ್ತೇನೆ, ಎದೆಯೊಳಗೆ ಏನೋ ಕುಣಿಯುತ್ತಿತ್ತು. ಇವರು ಕೇಳಿಸಿಕೊಂಡಿದ್ದರು! ನಾನು ಕಟ್ಟಿದ ಎತ್ತು ಇವರಿಗೆ ನಿಜದ ಎತ್ತಾಗಿತ್ತು, ಅದಕ್ಕೇ ಅದು ಸಾಯುವುದು ಇವರಿಗೆ ಬೇಡವಾಗಿತ್ತು. 'ಅಕ್ಷರ ತಿದ್ದುವ ಹಾಗಿಲ್ಲ' ಎಂದ ಹಿರಿಯರಿಗೆ ಎತ್ತು ಇದೆಯೆಂಬುದೇ ಗೊತ್ತಿರಲಿಲ್ಲ.

ಸಂಜೆ ಐದೂವರೆಗೆ ಮನೆಯಲ್ಲಿ ಮೇಜಿಗೆ ಕೂತೆ. ಎತ್ತುಗಳಿಗೆ ನೀರು ಕುಡಿಸುವವರು ಯಾರು? ಪರಸಪ್ಪ ಲಾಕಪ್ಪಿನಲ್ಲಿ. ಅಣ್ಣ ಕುಡಿಸುವ ಪೈಕಿ ಅಲ್ಲ. ಕಸ್ತೂರಿಯನ್ನು ಕೇಳಿದೆ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಆ ಹುಡಿಗಿ ಕ್ವಾಣ್ಯಾಗ ಬರೇ ಅಳಕೋತ ಕುಂತಾಳಲ್ರಿ, ಆಕಿಗೆ ಕೈ ಇಲ್ಲೇನ?"

ಎದ್ದು ನಿಂತುಬಿಟ್ಟೆ. ಅಲ್ಲಿಯವರೆಗೆ ಬರೇ ಅತ್ತ ಗಿರಿಜೆ ಎತ್ತುಗಳ ಅಂಬಾ ಕೇಳಿ ಕೋಣೆಯ ಹಿಂದಿನ ಕಿಂಡಿಯ ಸರಳು ಕಿತ್ತಳು. ಪ್ರೀತಿಗಾಗಿ ದಾಟದ ಕಿಂಡಿಯನ್ನು ನೀರಿಗಾಗಿ ದಾಟಿದಳು. ಹಗ್ಗ ಬಿಚ್ಚಿದಳು, ಬಾವಿಯಿಂದ ಸೇದಿ ಸೇದಿ ದನ ಕುಡಿಯುವ ಡೋಣಿಗೆ ಸುರಿದಳು. ಅಣ್ಣ ಬಂದು ಕೂಗಿದರೆ ಕೊಡ ಎತ್ತಿ ಹಿಡಿದು "ಇವು ಕುಡಿಯೂ ತನಕಾ ಸನೇಕ ಬರಬ್ಯಾಡ" ಎಂದಳು. ಏಳು ಗಂಟೆಗೆ ಪೆನ್ನು ಇಟ್ಟಾಗ ಹನ್ನೊಂದು ಪುಟವಾಗಿತ್ತು. ದಿನಕ್ಕೊಂದು ಪುಟದ ನಿಯಮವನ್ನು ನಾನು ಮುರಿದದ್ದು ಅದೊಂದೇ ಸಂಜೆ.

ಮರುದಿನ ಹತ್ತಕ್ಕೆ ಬೇವಿನ ಕೆಳಗೆ ಎಪ್ಪತ್ತು ಮಂದಿ. ಎತ್ತುಗಳ ಸುದ್ದಿ ಸಾಲಿನ ತುದಿಯವರೆಗೆ ಮುಟ್ಟಿತ್ತು. ನಾಲ್ಕನೇ ಅಧ್ಯಾಯದಿಂದ ಮತ್ತೆ ಶುರುಮಾಡಿದೆ. ಎತ್ತುಗಳನ್ನು ಬಾವಿಗೆ ಕಟ್ಟಿದ್ದೆನಷ್ಟೇ, ರಸ್ತೆಯ ಕಡೆಯಿಂದ ಬಿಳಿ ಅಂಗಿಯ ಒಬ್ಬರು ಕೂಗುತ್ತ ಬಂದರು.

"ಯಾರ್ರಿ ಇಲ್ಲಿ ಸಾಹೇಬ್ರು? ರಸ್ತಾ ತುಂಬ ಗಾಡಿ ನಿಲ್ಲಿಸಿ ಭಜನಿ ಹಚ್ಚೀರೇನು? ನಮ್ಮ ಜೀಪು ಹೋಗೂದ ಹ್ಯಾಂಗ?"

ಅವರು ನಿಪ್ಪಾಣಿಯ ಅಪ್ಪಾಸಾಹೇಬರು. ತಂಬಾಕಿನ ಪುಡಿಕೆಗೆ ಲೇಬಲ್ಲು, ಲಗ್ನಪತ್ರಿಕೆ, ಕ್ಯಾಲೆಂಡರು ಅಚ್ಚು ಹಾಕುವ ಪ್ರೆಸ್ಸಿನವರು. ತಮ್ಮನಿಗೆ ಹೆಣ್ಣು ನೋಡಲು ಅಥಣಿಗೆ ಹೊರಟಿದ್ದರು. ಅವರ ಹಿಂದೆ ಕೋಲೂರಿಕೊಂಡು ಬಂದ ತಾಯಿ ನೆರಳು ಕಂಡು ಹೌಸಾಬಾಯಿಯ ಪಕ್ಕ ಕೂತುಬಿಟ್ಟಳು.

"ಏನ ನಡದೈತಿ ಬೇ?" ಎಂದು ಕೇಳಿದಳು.

"ಬೈಲ ಉಪಾಶೀ ಆಹೇತ ಆಯಿ, ನೀರಿಲ್ಲ" ಎಂದಳು ಹೌಸಾಬಾಯಿ.

"ಅಯ್ಯ ಶಿವನೇ! ಓದೋ ತಮ್ಮಾ, ಮುಂದ ಓದು."

"ಅವ್ವಾ, ಹುಡಿಗಿ ಮನಿಯವರು ಕಾಯಾಕತ್ತಾರ," ಎಂದರು ಅಪ್ಪಾಸಾಹೇಬರು.

"ಹುಡಿಗಿ ಎಲ್ಲಿ ಓಡಿ ಹೊಕ್ಕಾಳು? ಎತ್ತು ಸಾಯಾಕತ್ತಾವ ಇಲ್ಲಿ. ಕುಂದರ!"

ಅಪ್ಪಾಸಾಹೇಬರು ಕೂತರು. ಜೀಪಿನಲ್ಲಿ ಹೊಸ ಅಂಗಿ ಹಾಕಿಕೊಂಡು ಕೂತಿದ್ದ ವರ ಮೂರು ಸಲ ಹಾರ್ನು ಹೊಡೆದ. ಯಾರೂ ತಿರುಗಿ ನೋಡಲಿಲ್ಲ. ನಾನು ಕನ್ನಡದಲ್ಲೊಂದು ಸಲ, ಮರಾಠಿಯಲ್ಲೊಂದು ಸಲ ಹೇಳುತ್ತ ಹೋದೆ. ಗಿರಿಜೆ ಸರಳು ಕಿತ್ತಾಗ ಹೆಂಗಸರು ಮೊಣಕಾಲ ಮೇಲೆ ಎದ್ದರು. ಮೊದಲ ಕೊಡ ಡೋಣಿಗೆ ಬಿದ್ದಾಗ ಹೌಸಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಎತ್ತುಗಳು ಮೂತಿ ಇಳಿಸಿ ಕುಡಿದಾಗ ಎಪ್ಪತ್ತು ಗಂಟಲುಗಳು ಒಮ್ಮೆಲೇ ನುಂಗಿದವು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮುದುಕಿ ಕೋಲಿನಿಂದ ಮಗನ ಮೊಣಕಾಲು ತಟ್ಟಿದಳು. "ಅಪ್ಪಾ, ಇದನ್ನ ಛಾಪಸು. ದೊಡ್ಡ ಅಕ್ಷರದಾಗ. ಮುಂದಿಂದ ನಾ ಕೇಳಬೇಕು."

"ಅವ್ವಾ, ನಾವು ಬುಕ್ಕ ಛಾಪಸೂದಿಲ್ಲ."

"ಅಷ್ಟ ಮಂದಿ ಲಗ್ನಾ ಛಾಪಿಸೀದಿ, ಈ ಹುಡಿಗಿದೊಂದು ಛಾಪಿಸಾಕ ಏನಾಗೈತಿ?"

ಅಪ್ಪಾಸಾಹೇಬರು ನನ್ನ ಕಡೆ ತಿರುಗಿ ಕೈ ಮುಗಿದರು. "ಮುಗೀತ್ರಿ ಸಾಹೇಬ್ರ. ನಮ್ಮವ್ವ ಅಂದಮ್ಯಾಲ ಇನ್ನ ಮಾತಿಲ್ಲ. ಕಾಗದಾ ಕೊಡ್ರಿ."

ಕೊಡಲಿಲ್ಲ. ಆ ಕ್ಷಣಕ್ಕೆ ನನ್ನ ಕಾಲು ನೆಲದ ಮೇಲೆ ಇರಲಿಲ್ಲ, ನಿಜ. ಆದರೂ ಒಂದು ತಿಂಗಳ ಗಡುವು ಕೇಳಿದೆ. ರವದಿ ತೆಗೆಯುವುದಿತ್ತು. ಹಂಗಾಮಿನ ಕಡೇ ದಿನ ಬಾಯ್ಲರಿನವನು ಕಾದಿದ್ದ. ಬರೇ ಕೈಯಲ್ಲಿ ಹೋಗಬಾರದೆಂದು ಸೂರ್ಯೋದಯ, ಜಡೆ, ಮೂರು ಹುಣ್ಣಿಮೆ ಎಲ್ಲ ಒಯ್ದು ಕೊಟ್ಟೆ. ಚೆನ್ನಾಗಿ ಉರಿದವು. ನಾಲ್ಕುನೂರಾ ಹನ್ನೆರಡು ಪುಟ ಅಚ್ಚಿನಲ್ಲಿ ನೂರಾ ಅರವತ್ತೆಂಟಾಯಿತು. ಐದುನೂರು ಪ್ರತಿ, ಲಗ್ನಪತ್ರಿಕೆಯ ಕೆಂಪು ಬಣ್ಣದ ರಟ್ಟು. ಅಥಣಿಯಲ್ಲಿ ತಮ್ಮನ ಸೋಯರಿಕೆಯೂ ಕೂಡಿತೆಂದು ಅಪ್ಪಾಸಾಹೇಬರು ಒಂದು ಪೆಟ್ಟಿಗೆ ಪೇಢೆ ಇಟ್ಟು ಕಳಿಸಿದರು.

ಮುಂದಿನ ಹಂಗಾಮಿಗೆ ಹೌಸಾಬಾಯಿಯ ಗಾಡಿ ಕಾಟಾ ಏರಿದಾಗ "ನೀರ ಕುಡಿಸೀಯೇನ?" ಎಂದು ಕೇಳಿ, ಸ್ಲಿಪ್ಪಿನ ಜೊತೆ ಪುಸ್ತಕ ಕೊಟ್ಟೆ. ಅವಳಿಗೆ ಓದು ಬಾರದು. "ಬೈಲ ನೀರ ಕುಡಿಯೂದು ಕುಠ?" ಎಂದಳು. ಅರವತ್ತೊಂದನೇ ಪುಟ ತೆರೆದು ಸಾಲಿನ ಮೇಲೆ ಅವಳ ಬೆರಳಿಟ್ಟೆ. ಓದಿ ಹೇಳಿದೆ. ಕಬ್ಬಿನ ಎಲೆಯ ಸುಣೆ ಚುಚ್ಚಿ ಗರಗಸದಂತಾದ ಬೆರಳು ಆ ಸಾಲಿನ ಮೇಲೆ ನಿಧಾನ ಸರಿದು ಕೊನೆಯಲ್ಲಿ ನಿಂತಿತು.

"ಮಗ?"

"ಮುಂದ ಪರಸಪ್ಪನ ಬಿಡಸಾಕ ಗಿರಿಜಾ ಅಥಣಿಗೆ ಹೊಕ್ಕಾಳ."

"ತೇ ನಾಹೀ. ನೀರ ಕುಡದಮ್ಯಾಲ ಬೈಲ ತಿರುಗಿ ಕಟ್ಟಿದವರ ಯಾರ?"

ನಾನು ಪುಟ ತಿರುವಿದೆ. ಹಿಂದೆ ನೋಡಿದೆ, ಮುಂದೆ ನೋಡಿದೆ. ಹಗ್ಗ ಬಿಚ್ಚಿದ್ದಳು, ಕುಡಿಸಿದ್ದಳು. ಯಾರೂ ಕಟ್ಟಿರಲಿಲ್ಲ. ಸುತ್ತ ಕಬ್ಬಿನ ಹೊಲ. ನೂರಾ ಅರವತ್ತೆಂಟನೇ ಪುಟದವರೆಗೂ ಎರಡು ಎತ್ತು ಬಿಟ್ಟೇ ಇದ್ದವು, ಐದುನೂರು ಪ್ರತಿಯಲ್ಲಿ.

ಹಿಂದೆ ನಿಂತ ಗಾಡಿಯವರು ಕೂಗುತ್ತಿದ್ದರು. ಹೌಸಾಬಾಯಿ ಕಿಟಕಿಯ ಸರಳು ಹಿಡಿದುಕೊಂಡು, ಪಾಟೀಲ ಸಾಹೇಬರು ನಕ್ಕ ಹಾಗೆಯೇ ನಕ್ಕಳು. ನಾನೂ ನಕ್ಕೆ. ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ಆ ಸಂಜೆಯಿಂದಲೇ ಶುರುಮಾಡಿದೆ. ಐದೂವರೆಯಿಂದ ಏಳು, ದಿನಕ್ಕೆ ಹತ್ತು ಪ್ರತಿ. ಅರವತ್ತೊಂದನೇ ಪುಟದ ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಒಂದು ಸಾಲು: 'ಗಿರಿಜೆ ಎತ್ತುಗಳನ್ನು ಮತ್ತೆ ಗೂಟಕ್ಕೆ ಕಟ್ಟಿ, ಗಂಟು ಎಳೆದು ನೋಡಿದಳು.' ಆಗಲೇ ಮಾರಾಟವಾದ ಪ್ರತಿಗಳನ್ನು ಹುಡುಕಿಕೊಂಡು ಚಿಕ್ಕೋಡಿ, ಅಥಣಿ ಸುತ್ತಿದೆ. ರಾಯಬಾಗದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಓದುತ್ತ ಕೂತಿದ್ದರು. ಕೈಯಿಂದ ಪುಸ್ತಕ ತೆಗೆದುಕೊಂಡು ಪೆನ್ನು ಬಿಚ್ಚಿದೆ. ಸಹಿ ಹಾಕುತ್ತಾರೆಂದು ಅವರು ಖುಷಿಯಾದರು. ನಾನು ಎತ್ತು ಕಟ್ಟಿ ಪುಸ್ತಕ ತಿರುಗಿ ಕೊಟ್ಟೆ.

ತಮ್ಮಂದಿರೇ, ನಿಮ್ಮ ಕೆಲಸದಲ್ಲಿ ಕಲಿಯುವುದು ಏನಿದೆ ಎಂದು ಕೇಳಿದಿರಿ. ಕಿಟಕಿಯ ಆಚೆ ನಿಂತವರು ಏನಾದರೂ ಕೇಳಿದರೆ ತಲೆ ಎತ್ತಿ ಕೇಳಿಸಿಕೊಳ್ಳಿ. ನಿಮ್ಮ ಕೆಲಸ ಅವರು ತೂಗುತ್ತಿರುತ್ತಾರೆ, ಅದೂ ಬಿಟ್ಟಿಯಾಗಿ.

ನಾಲ್ಕುನೂರಾ ತೊಂಬತ್ತಮೂರು ಪ್ರತಿಗಳಲ್ಲಿ ಎತ್ತುಗಳನ್ನು ಕಟ್ಟಿಯಾಗಿದೆ. ಏಳು ಪ್ರತಿ ಇನ್ನೂ ಸಿಕ್ಕಿಲ್ಲ. ಅಂದರೆ ಹದಿನಾಲ್ಕು ಎತ್ತು ಈ ಸೀಮೆಯಲ್ಲಿ ಎಲ್ಲೋ ಯಾರದೋ ಕಬ್ಬಿನಲ್ಲಿ ಮೇಯುತ್ತಿವೆ. ಕೆಂಪು ರಟ್ಟಿನ ಪುಸ್ತಕ ನಿಮ್ಮ ಕೈಗೆ ಬಂದರೆ ಅರವತ್ತೊಂದನೇ ಪುಟ ನೋಡಿ. ಅಂಚು ಬರಿದಾಗಿದ್ದರೆ ತನ್ನಿ. ಸಂಜೆ ಐದೂವರೆಯಿಂದ ಏಳರವರೆಗೆ ನಾನು ಮನೆಯಲ್ಲೇ ಇರುತ್ತೇನೆ. ಪೆನ್ನು ಜೇಬಿನಲ್ಲಿದೆ.